‘ತುಂಬಾ ಸ್ಲೋ’ ಅಂದರೆ ಎಷ್ಟು? ಮುಕ್ತ ಅನಿಮೇಶನ್ ತಂತ್ರಾಂಶಗಳ ನಿಧಾನವನ್ನು ವರದಿ ಮಾಡುವ ಬಗೆ

ನಾನು ದಿಂಬಂನಿಂದ ಮಾತಾಡ್ತಿದ್ದೇನೆ. ಇಲ್ಲಿ ನೆಟ್‌ವರ್ಕ್ ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ, ಅದಕ್ಕೇ ವಿಡಿಯೊ ಆಫ್ ಮಾಡಿದ್ದೇನೆ. ನಡುವೆ ಧ್ವನಿ ನಿಂತರೆ ಚಾಟ್‌ನಲ್ಲಿ ಬರೆಯಿರಿ, ಬಿಟ್ಟಲ್ಲಿಂದ ಮುಂದುವರಿಸುತ್ತೇನೆ.

ಇವತ್ತು ನಾನು ಹೇಳಬೇಕಾಗಿರುವುದು ತಂತ್ರಾಂಶ ಬರೆಯುವವರ ಕಡೆಯ ಮಾತಲ್ಲ, ಬಳಸುವವರ ಕಡೆಯದು. ಬ್ಲೆಂಡರ್, ಕ್ರಿಟಾ, ಸಿನ್‌ಫಿಗ್, ಓಪನ್‌ಟೂನ್ಸ್ ಇಂಥ ಮುಕ್ತ ತಂತ್ರಾಂಶಗಳಲ್ಲಿ ಚಿತ್ರ ಓಡಿಸುವಾಗ ಅದು ತಡವರಿಸುತ್ತೆ, ಕುಂಚ ಎಳೆದ ಮೇಲೆ ಗೆರೆ ತಡವಾಗಿ ಬರುತ್ತೆ, ಕಡತ ತೆರೆಯೋಕೆ ನಿಮಿಷಗಟ್ಟಲೆ ಹಿಡಿಯುತ್ತೆ. ಅದನ್ನು ಮಾಡಿದವರಿಗೆ ಹೇಗೆ ತಿಳಿಸಬೇಕು ಅನ್ನುವುದಷ್ಟೇ ವಿಷಯ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಳೆಯ ಯಂತ್ರ ಇಟ್ಟುಕೊಂಡು ಕೆಲಸ ಮಾಡುವ ನಮ್ಮಂಥವರಿಗೆ ಇದು ತಂತ್ರಾಂಶ ಮುಂದೆಯೂ ನಮ್ಮ ಕೈಲಿ ಉಳಿಯುತ್ತಾ ಅನ್ನುವ ಪ್ರಶ್ನೆ.

ನಾನು ಮೊದಲು ಕಳಿಸಿದ ವರದಿಯಿಂದಲೇ ಶುರು ಮಾಡ್ತೀನಿ. ತಾಳವಾಡಿ ಕಡೆಯ ಮಕ್ಕಳ ಜೊತೆ ಒಂದು ಮೂರು ನಿಮಿಷದ ಚಿತ್ರ ಮಾಡ್ತಿದ್ದೆವು. ಮಕ್ಕಳೇ ಹೇಳಿದ ಕಥೆ, ಅವರದೇ ದನಿ. ಕಬ್ಬು ತುಂಬಿಕೊಂಡು ಘಾಟಿ ಇಳಿಯುವ ಲಾರಿ, ದಾರಿ ಬದಿಯಲ್ಲಿ ಕಾಯುವ ಆನೆ. ಈ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಆಯಾಮದ ಒಂದು ತಂತ್ರಾಂಶದಲ್ಲಿ ದನಿಗೆ ತಕ್ಕಂತೆ ಬಾಯಿ ಕೂಡಿಸುವ ಕೆಲಸ ನಡೀತಿತ್ತು. ಧ್ವನಿಪಟ್ಟಿ ಸೇರಿಸಿದ್ದೇ ತಡ, ಟೈಮ್‌ಲೈನ್ ಮೇಲೆ ಬೆರಳು ಎಳೆದರೆ ಚಿತ್ರ ಹತ್ತು ಹೆಜ್ಜೆ ಹಿಂದೆ ಬರ್ತಿತ್ತು. ತಂತ್ರಾಂಶದ ಹೆಸರು ಹೇಳುವುದಿಲ್ಲ, ಯಾಕಂದ್ರೆ ತಪ್ಪು ಅವರದ್ದಲ್ಲ, ನನ್ನದು. ನಾನು ಬರೆದದ್ದು ಇಷ್ಟೇ: ‘ಆಡಿಯೊ ಹಾಕಿದರೆ ತುಂಬಾ ಸ್ಲೋ. ಕೆಲಸ ಮಾಡಲು ಆಗುತ್ತಿಲ್ಲ. ದಯವಿಟ್ಟು ಸರಿ ಮಾಡಿ.’ ಯಾರೋ ಪುಣ್ಯಾತ್ಮರು ಮರುದಿನವೇ ಆವೃತ್ತಿ ಯಾವುದು, ಕಡತ ಕೊಡ್ತೀರಾ, ಯಾವ ಹೆಜ್ಜೆಯಲ್ಲಿ ಆಗುತ್ತೆ ಅಂತ ಕೇಳಿದ್ದರು. ನಾನು ನೋಡಿದ್ದು ಎರಡು ವಾರ ಬಿಟ್ಟು. ಅಷ್ಟರಲ್ಲಿ ವರದಿ ಮುಚ್ಚಿಯಾಗಿತ್ತು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳ್ಲಿ. ‘ಬಡವರ ಮಾತು ಯಾರು ಕೇಳ್ತಾರೆ’ ಅಂತ ಪಕ್ಕದವರ ಹತ್ತಿರ ಹೇಳಿಕೊಂಡೆ. ಸಿಟ್ಟು ಇಳಿದ ಮೇಲೆ ಅದೇ ವರದಿಯನ್ನು ಅವರ ಜಾಗದಲ್ಲಿ ಕೂತು ಓದಿದೆ. ಅದರಲ್ಲಿ ಅವರು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ.

ತಂತ್ರಾಂಶ ಬಿದ್ದುಹೋಗುವುದು ಬೇರೆ, ನಿಧಾನವಾಗುವುದು ಬೇರೆ. ಬಿದ್ದರೆ ಎಲ್ಲರ ಯಂತ್ರದಲ್ಲೂ ಬಿದ್ದದ್ದು ಕಾಣುತ್ತೆ. ನಿಧಾನ ಹಾಗಲ್ಲ. ನನ್ನ ಯಂತ್ರದಲ್ಲಿ ಒಂದು ಫ್ರೇಮಿಗೆ 90 ಮಿಲಿಸೆಕೆಂಡು ತಿನ್ನುವ ಕೆಲಸ ಅವರ ಯಂತ್ರದಲ್ಲಿ 10ರಲ್ಲಿ ಮುಗಿದಿರುತ್ತೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಲೂ ಕಾಣುವುದಿಲ್ಲ. ಹಾಗಾಗಿ ನಿಧಾನದ ವರದಿಯಲ್ಲಿ ಒಂದೇ ಅಳತೆ ಇದ್ದರೆ ಸಾಲದು. ಒಂದೇ ಒಂದು ಅಂಶ ಬದಲಾಗಿರುವ ಎರಡು ಅಳತೆ ಬೇಕು. ಹೊಸ ಆವೃತ್ತಿಯಲ್ಲಿ ಇಷ್ಟು, ಹಳೆಯದರಲ್ಲಿ ಇಷ್ಟು. ಈ ಪದರ ಇದ್ದರೆ ಇಷ್ಟು, ತೆಗೆದರೆ ಇಷ್ಟು. ಅಳತೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತೆ. ಎರಡು ಅಳತೆಗಳ ನಡುವಿನ ಪ್ರಮಾಣ ಮಾತ್ರ ಬಹಳ ಸಲ ಹಾಗೇ ಉಳಿಯುತ್ತೆ, ಆ ಪ್ರಮಾಣ ಅವರ ಯಂತ್ರದಲ್ಲೂ ಕಾಣಿಸುತ್ತೆ. ಇವತ್ತಿನ ನನ್ನ ಮಾತಿನ ತಿರುಳು ಇದೇ.

ಅಳತೆ ಹೇಗೆ? ಸೆಕೆಂಡಿಗೆ 24 ಫ್ರೇಮು ಓಡಬೇಕಾದರೆ ಒಂದು ಫ್ರೇಮಿಗೆ ಸಿಗುವ ಸಮಯ ಸುಮಾರು 41.7 ಮಿಲಿಸೆಕೆಂಡು. 12 ಫ್ರೇಮು ಓಡುತ್ತಿದ್ದರೆ ಒಂದಕ್ಕೆ 83.3. ಎಂಟೇ ಓಡುತ್ತಿದ್ದರೆ 125. ನಾವೆಲ್ಲ ಎಫ್‌ಪಿಎಸ್‌ನಲ್ಲೇ ಮಾತಾಡ್ತೀವಿ, ಆದರೆ ಅದು ಕಣ್ಣಿಗೆ ಮೋಸ ಮಾಡುತ್ತೆ. 8ರಿಂದ 12ಕ್ಕೆ ಏರಿದರೆ ‘ನಾಲ್ಕೇ ಫ್ರೇಮು’ ಅನ್ನಿಸುತ್ತೆ, 12ರಿಂದ 24ಕ್ಕೆ ಏರಿದರೆ ‘ಅಬ್ಬಾ ಹನ್ನೆರಡು’ ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಉಳಿದದ್ದು ಅದೇ 41.7 ಮಿಲಿಸೆಕೆಂಡು. ಸಾವಿರವನ್ನು ಎಫ್‌ಪಿಎಸ್‌ನಿಂದ ಭಾಗಿಸಿದರೆ ಮಿಲಿಸೆಕೆಂಡು ಬರುತ್ತೆ. ವರದಿಯಲ್ಲಿ ಅದನ್ನೇ ಬರೆಯಿರಿ, ಕೂಡಿ ಕಳೆಯೋಕೆ ಬರುತ್ತೆ.

ಬ್ಲೆಂಡರ್‌ನಲ್ಲಿ ಚಿತ್ರ ಓಡುವಾಗ ವ್ಯೂಪೋರ್ಟಿನ ಮೂಲೆಯಲ್ಲಿ ಎಫ್‌ಪಿಎಸ್ ಕಾಣುತ್ತೆ, ಗುರಿ ಮುಟ್ಟದಿದ್ದರೆ ಕೆಂಪಾಗುತ್ತೆ. ಅಳೆಯುವ ಮುಂಚೆ ಪ್ಲೇಬ್ಯಾಕ್ ಆಯ್ಕೆಯಲ್ಲಿ ‘ಪ್ಲೇ ಎವ್ರಿ ಫ್ರೇಮ್’ ಇಟ್ಟುಕೊಳ್ಳಿ. ಫ್ರೇಮ್ ಡ್ರಾಪಿಂಗ್ ಇದ್ದರೆ ಅದು ನಡುವಿನ ಫ್ರೇಮುಗಳನ್ನು ಹಾರಿಸಿ ಸಮಯಕ್ಕೆ ಸರಿಯಾಗಿ ಓಡಿದಂತೆ ತೋರಿಸುತ್ತೆ. ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯ್ತು: ದೃಶ್ಯಕ್ಕೆ ನಿಗದಿ ಮಾಡಿದ ಫ್ರೇಮ್ ದರಕ್ಕಿಂತ ವೇಗವಾಗಿ ಅದು ಓಡುವುದಿಲ್ಲ. ವೇಗದ ಯಂತ್ರದಲ್ಲಿ ಎಲ್ಲವೂ 24 ಅಂತಲೇ ಬರುತ್ತೆ. ಅಳೆಯುವ ಹೊತ್ತಿಗೆ ಮಾತ್ರ ಆ ದರವನ್ನು 240ಕ್ಕೆ ಏರಿಸಿದರೆ ನಿಜವಾದ ವ್ಯತ್ಯಾಸ ಹೊರಬೀಳುತ್ತೆ. ಕ್ರಿಟಾದಲ್ಲಿ ಮೊದಲ ಸುತ್ತು ಓಡುವಾಗ ಅದು ಫ್ರೇಮುಗಳನ್ನು ಕ್ಯಾಶೆಗೆ ತುಂಬಿಕೊಳ್ಳುತ್ತಿರುತ್ತೆ, ಹಾಗಾಗಿ ಎರಡನೇ ಸುತ್ತನ್ನು ಅಳೆಯಬೇಕು. ಮೊದಲ ಸುತ್ತೇ ನಿಮ್ಮ ತಕರಾರಾದರೆ ಹಾಗಂತ ಸ್ಪಷ್ಟವಾಗಿ ಬರೆಯಬೇಕು. ಏನೂ ತೋರಿಸದ ತಂತ್ರಾಂಶವಾದರೆ ಮೊಬೈಲಿನ ಸ್ಟಾಪ್‌ವಾಚ್ ಸಾಕು, ಮೂರು ಸಲ ಅಳೆದು ಮೂರನ್ನೂ ಬರೆಯಿರಿ.

ಅಳೆಯುವಾಗ ಯಂತ್ರದ ಸ್ಥಿತಿಯನ್ನೂ ನೋಡಬೇಕು. ಇಲ್ಲಿ ಮೇಲೆ ಚಳಿ. ಬೆಳಿಗ್ಗೆ ದಿಂಬಂನಲ್ಲಿ ಚೆನ್ನಾಗಿ ಓಡಿದ ಕಡತ ಏಪ್ರಿಲ್ ಮಧ್ಯಾಹ್ನ ಕೆಳಗೆ ಸತ್ಯಮಂಗಲದಲ್ಲಿ ಹತ್ತು ನಿಮಿಷಕ್ಕೆಲ್ಲ ಕುಂಟೋಕೆ ಶುರು ಮಾಡ್ತು. ತಂತ್ರಾಂಶ ಅದೇ, ಕಡತ ಅದೇ. ಬಿಸಿ ಏರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತೆ. ಚಾರ್ಜರ್ ತೆಗೆದರೂ ಬಹಳಷ್ಟು ಲ್ಯಾಪ್‌ಟಾಪುಗಳು ಹಾಗೇ ಮಾಡುತ್ತವೆ. ಹಾಗಾಗಿ ಎರಡು ಅಳತೆಗಳನ್ನು ಒಂದೇ ಹೊತ್ತಿನಲ್ಲಿ, ಚಾರ್ಜರ್ ಹಾಕಿಕೊಂಡು, ಒಂದಾದ ಮೇಲೊಂದು ತೆಗೆಯಬೇಕು. ಆಮೇಲೆ ಮೊದಲನೆಯದನ್ನು ಮತ್ತೊಮ್ಮೆ ಅಳೆಯಬೇಕು. ಅದು ಬದಲಾಗಿದ್ದರೆ ಆ ದಿನದ ಲೆಕ್ಕ ಬಿಟ್ಟುಬಿಡಿ.

ಕೆಲವು ಸಲ ನಿಧಾನ ಬರೀ ಗಣಿತ. 1920 ಗುಣಿಸು 1080 ಅಳತೆಯ ಚಿತ್ರ, ಒಂದು ಚುಕ್ಕಿಗೆ ನಾಲ್ಕು ಬೈಟು, ಒಂದು ಫ್ರೇಮಿಗೆ ಸುಮಾರು 8.3 ಮೆಗಾಬೈಟು. ಹತ್ತು ಸೆಕೆಂಡಿಗೆ 240 ಫ್ರೇಮು, ಅಂದರೆ ಪೂರ್ತಿ ಬಣ್ಣ ತುಂಬಿದ ಒಂದೇ ಪದರಕ್ಕೆ ಹತ್ತಿರ ಹತ್ತಿರ ಎರಡು ಗಿಗಾಬೈಟು. ಮೂರು ಪದರ ಬರೆದರೆ ಆರು. ಕ್ರಿಟಾ ಚಿತ್ರವನ್ನು 64 ಗುಣಿಸು 64 ಚುಕ್ಕಿಯ ಚೌಕಗಳಾಗಿ ಇಟ್ಟುಕೊಳ್ಳುವುದರಿಂದ ಖಾಲಿ ಜಾಗಕ್ಕೆ ಅಷ್ಟು ಹಿಡಿಯಲ್ಲ ನಿಜ. ಆದರೂ 4 ಗಿಗಾಬೈಟ್ ರ‍್ಯಾಮಿನ ಯಂತ್ರದಲ್ಲಿ ಮೂರು ತುಂಬು ಪದರ ಬರೆದು ‘ಸ್ಲೋ’ ಅಂದರೆ, ಅದು ಎರಡು ಲೀಟರ್ ಚೊಂಬಿಗೆ ಮೂರು ಲೀಟರ್ ಹಾಲು ಹುಯ್ದಂತೆ. ಸಿಸ್ಟಂ ಮಾನಿಟರ್ ತೆರೆದು ನೋಡಿ. ಮೆಮೊರಿ ತುಂಬಿ ಡಿಸ್ಕಿಗೆ ಚೆಲ್ಲುತ್ತಿದ್ದರೆ ವರದಿ ಬೇಡ, ಕ್ಯಾನ್ವಾಸ್ ಚಿಕ್ಕದು ಮಾಡಿ. ಮೆಮೊರಿ ಆರಾಮಾಗಿದ್ದು, ನಾಲ್ಕು ಕೋರಿನ ಯಂತ್ರದ ಒಟ್ಟು ಬಳಕೆ 25 ಶೇಕಡಾದ ಹತ್ತಿರ ಅಲುಗದೆ ನಿಂತಿದ್ದರೆ, ಒಂದೇ ಕೋರು ದುಡಿಯುತ್ತಿದೆ, ಉಳಿದವು ಕಾಯುತ್ತಿವೆ ಅನ್ನುವ ಸುಳಿವು. ಅದನ್ನು ವರದಿಯಲ್ಲಿ ಒಂದು ಸಾಲು ಬರೆಯಬಹುದು. ಬ್ಲೆಂಡರ್‌ನಲ್ಲಿ ಇನ್ನೊಂದು ಸುಲಭ ಪರೀಕ್ಷೆ: ಕಿಟಕಿಯನ್ನು ಅಂಗೈಯಷ್ಟು ಚಿಕ್ಕದು ಮಾಡಿ ಓಡಿಸಿ. ವೇಗ ಜೋರಾಗಿ ಏರಿದರೆ ತೊಡಕು ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಡೆ. ಏನೂ ಬದಲಾಗದಿದ್ದರೆ ಗೊಂಬೆಯ ಮೈ ಮಣಿಸುವ ಲೆಕ್ಕದ ಕಡೆ.

ಈಗ ಆನೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇಲ್ಲಿ ನಾನು ವರದಿ ಕಳಿಸದೇ ಉಳಿದೆ. ಅದೇ ಕಥೆಯ ಆನೆಯನ್ನು ಬ್ಲೆಂಡರ್ 3.6ರಲ್ಲಿ ಮೂರು ಆಯಾಮದಲ್ಲಿ ಮಾಡಿದ್ದೆ. ಸೊಂಡಿಲಿನ ತುಂಬ ಮೂಳೆಗಳ ಸಾಲು. ಓಡಿಸಿದರೆ ಎಂಟೇ ಫ್ರೇಮು, ಅಂದರೆ 125 ಮಿಲಿಸೆಕೆಂಡು. ಈ ಸಲ ದೂರು ಬರೆಯುವ ಮುಂಚೆ ಕಡತದ ನಕಲು ತೆಗೆದು ಅರ್ಧರ್ಧ ಕಿತ್ತು ಹಾಕುತ್ತಾ ಹೋದೆ. ಕಾಡು ತೆಗೆದೆ, ಬದಲಾಗಲಿಲ್ಲ. ಲಾರಿ ತೆಗೆದೆ, ಇಲ್ಲ. ಆನೆಯೊಂದನ್ನೇ ಉಳಿಸಿದರೂ ಅದೇ 125. ಆಮೇಲೆ ಆನೆಯ ಮೇಲಿದ್ದ ಮಾಡಿಫೈಯರುಗಳನ್ನು ಒಂದೊಂದಾಗಿ ಆರಿಸಿದೆ. ಮೊದಲು ಮೂಳೆ, ಆಮೇಲೆ ಸಬ್‌ಡಿವಿಶನ್ ಎರಡು ಹಂತ, ಅದರ ಮೇಲೆ ಮಡಿಕೆಗಳನ್ನು ನಯ ಮಾಡುವ ಕರೆಕ್ಟಿವ್ ಸ್ಮೂತ್, ಈ ಕ್ರಮದಲ್ಲಿ ಇಟ್ಟಿದ್ದೆ. ಸಬ್‌ಡಿವಿಶನ್ನಿನ ಒಂದೊಂದು ಹಂತಕ್ಕೂ ಮುಖಗಳು ನಾಲ್ಕು ಪಟ್ಟಾಗುತ್ತವೆ, ಎರಡು ಹಂತಕ್ಕೆ ಹದಿನಾರು ಪಟ್ಟು. ನನ್ನ ಆನೆಗೆ 6,000 ಮುಖ ಇದ್ದವು, ಅದು 96,000 ಆಯ್ತು. ಪ್ರತಿ ಫ್ರೇಮಿನಲ್ಲೂ ಆ 96,000ದ ಮೈಯನ್ನು ನಯ ಮಾಡು ಅಂತ ನಾನೇ ಹೇಳಿದ್ದೆ. ಸ್ಮೂತನ್ನು ಸಬ್‌ಡಿವಿಶನ್ನಿನ ಮುಂಚೆ ತಂದು ಇಟ್ಟೆ. 83 ಮಿಲಿಸೆಕೆಂಡಿಗೆ ಇಳಿಯಿತು. ಕಣ್ಣಿಗೆ ವ್ಯತ್ಯಾಸವೇ ಇರಲಿಲ್ಲ. ಬ್ಲೆಂಡರ್ ಮಾಡಿದವರಿಗೆ ಇದರಲ್ಲಿ ಸರಿಪಡಿಸೋಕೆ ಏನೂ ಇಲ್ಲ.

ಇದೇ ಕಡತವನ್ನು ಚಾಮರಾಜನಗರದ ಗೆಳೆಯನೊಬ್ಬನ ಹೊಸ ಯಂತ್ರದಲ್ಲಿ ನೋಡಿದೆವು. ಅವನಲ್ಲಿ ಕೆಟ್ಟ ಕ್ರಮಕ್ಕೆ 30, ಒಳ್ಳೆಯ ಕ್ರಮಕ್ಕೆ 20 ಮಿಲಿಸೆಕೆಂಡು. ಎರಡೂ 41.7ಕ್ಕಿಂತ ಕಡಿಮೆ, ಹಾಗಾಗಿ ಅವನಿಗೆ ಎರಡೂ ಸಲೀಸಾಗಿ 24ರಲ್ಲೇ ಓಡಿದವು. ‘ಎಲ್ಲೋ ನಿಧಾನ? ಚೆನ್ನಾಗೇ ಐತಲ್ಲ’ ಅಂದ. ಆದರೆ 125ಕ್ಕೆ 83, 30ಕ್ಕೆ 20, ಎರಡು ಕಡೆಯೂ ಒಂದೂವರೆ ಪಟ್ಟು. ಪ್ರಮಾಣ ಉಳಿಯುತ್ತೆ ಅಂತ ಆಗಲೇ ಹೇಳಿದ್ದು ಇದನ್ನೇ.

ಯಾಕೆ ಇದರ ಮೇಲೆ ಇಷ್ಟು ಹೊತ್ತು ನಿಂತೆ ಅಂದರೆ, ಹಳೆಯ ಯಂತ್ರದವರಿಗೆ ಇದೊಂದೇ ದಾರಿ ಉಳಿದಿದೆ. 2023ರ ನವೆಂಬರಿನಲ್ಲಿ ಬಂದ ಬ್ಲೆಂಡರ್ 4.0, ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಓಪನ್‌ಜಿಎಲ್ 4.3 ಕಡ್ಡಾಯ ಮಾಡಿತು, ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಹೊರಬಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ. ನನ್ನಂಥವರು 3.6ರಲ್ಲೇ ನಿಂತೆವು. ಅದು ಎರಡು ವರ್ಷ ಬೆಂಬಲವಿದ್ದ ಆವೃತ್ತಿ, ಆ ಅವಧಿಯೂ 2025ರಲ್ಲಿ ಮುಗಿಯಿತು. ದೋಷ ವರದಿ ಸ್ವೀಕರಿಸುವುದು ಬೆಂಬಲವಿರುವ ಆವೃತ್ತಿಗೆ ಮಾತ್ರ. ಅಂದರೆ ಯಾರಿಗೆ ನಿಧಾನ ಹೆಚ್ಚು ಕಾಡುತ್ತದೋ ಅವರು ವರದಿ ಕೊಡುವ ಬಾಗಿಲಿನಿಂದಲೇ ಆಚೆ ಉಳಿದರು. ಇದನ್ನು ನಾನು ಅನ್ಯಾಯ ಅನ್ನಲ್ಲ, ಹಳೆಯ ಚಾಲಕ ತಂತ್ರಾಂಶಗಳನ್ನು ಎಳೆದುಕೊಂಡು ಹೋಗುವುದಕ್ಕೂ ಒಂದು ಬೆಲೆ ಇದೆ. ಆದರೆ ಫಲ ಏನಾಗುತ್ತೆ ಅಂತ ಗೊತ್ತಿರಬೇಕು. ಬ್ಲೆಂಡರ್‌ನವರ ಓಪನ್ ಡೇಟಾ ಅನ್ನುವ ಸಾರ್ವಜನಿಕ ಮಾಪನ ಇದೆ. ಅದು ಅಳೆಯುವುದು ಸೈಕಲ್ಸ್ ರೆಂಡರಿನ ವೇಗವನ್ನು, ಗೊಂಬೆ ಆಡಿಸುವಾಗಿನ ತಡವರಿಕೆಯನ್ನಲ್ಲ. ಆ ತಡವರಿಕೆಯನ್ನು ಯಾರಾದರೂ ಕೂತು ಬರೆದು ತಿಳಿಸಿದರಷ್ಟೇ ಅದು ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಹಳೆಯ ಯಂತ್ರದಲ್ಲಿ ಪತ್ತೆ ಹಚ್ಚಿ, ಹೊಸ ಯಂತ್ರ ಇರುವ ಗೆಳೆಯರ ಹತ್ತಿರ ಪ್ರಮಾಣವನ್ನು ಖಾತ್ರಿ ಮಾಡಿಕೊಂಡು, ಅವರ ಯಂತ್ರದ ಹೆಸರಿನಲ್ಲಿ ಕಳಿಸುವುದು. ಸದ್ಯಕ್ಕೆ ನಾವು ಮಾಡ್ತಿರೋದು ಹೀಗೆ.

ಬ್ಲೆಂಡರ್‌ನ ಹೆಲ್ಪ್ ಮೆನುವಿನಲ್ಲಿ ‘ರಿಪೋರ್ಟ್ ಎ ಬಗ್’ ಒತ್ತಿದರೆ ನಿಮ್ಮ ಯಂತ್ರದ ವಿವರ ತುಂಬಿದ ನಮೂನೆ ತೆರೆಯುತ್ತೆ. ಅದರಲ್ಲಿ ‘ಬ್ರೋಕನ್’ ಅಂತ ಒಂದು ಸಾಲು, ‘ವರ್ಕ್ಡ್’ ಅಂತ ಇನ್ನೊಂದು. ಎಲ್ಲರೂ ಮೊದಲನೆಯದನ್ನು ತುಂಬಿ ಎರಡನೆಯದನ್ನು ಬಿಡ್ತಾರೆ. ನಿಧಾನದ ವಿಷಯದಲ್ಲಿ ಜೀವ ಇರುವುದು ಎರಡನೆಯದರಲ್ಲೇ. ‘ಇದು ಇನ್ನೂ ವೇಗವಾಗಿರಬಹುದಿತ್ತು’ ಅನ್ನುವುದನ್ನು ಅಲ್ಲಿ ಸಾಮಾನ್ಯವಾಗಿ ದೋಷ ಅಂತ ಎಣಿಸುವುದಿಲ್ಲ. ‘ಹಿಂದಿನ ಆವೃತ್ತಿಯಲ್ಲಿ ವೇಗವಾಗಿತ್ತು, ಈಗಿಲ್ಲ’ ಅಂದರೆ ಎಣಿಸುತ್ತಾರೆ. ಹಳೆಯ ಆವೃತ್ತಿಗಳೆಲ್ಲ ಅವರ ತಾಣದಲ್ಲೇ ಸಿಗುತ್ತವೆ, ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ಓಡಿಸಬಹುದು. ಎರಡನ್ನೂ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ತೆರೆಯಿರಿ, ಆಡ್‌ಆನ್‌ಗಳ ಗಲಾಟೆ ಇರಲ್ಲ.

ಎರಡು ಆವೃತ್ತಿಗಳ ನಡುವೆ ಸಾವಿರ ಬದಲಾವಣೆ ಆಗಿದ್ದರೆ ಯಾವುದು ಕೆಡಿಸಿತು ಅಂತ ಹುಡುಕುವುದು ಹೇಗೆ? ಬಣ್ಣಾರಿಯಿಂದ ದಿಂಬಂಗೆ 27 ಹೇರ್‌ಪಿನ್ ತಿರುವು. ಒಂದು ಉದ್ದದ ಲಾರಿ ತಿರುಗಲಾರದೆ ಸಿಕ್ಕಿಕೊಂಡರೆ ಮೇಲೂ ಕೆಳಗೂ ಗಾಡಿ ಸಾಲು. ಎಲ್ಲಿ ಸಿಕ್ಕಿದೆ ಅಂತ ಒಂದೊಂದೇ ತಿರುವಿಗೆ ಫೋನು ಹಾಕಬೇಕಾಗಿಲ್ಲ. ಹದಿನಾಲ್ಕನೇ ತಿರುವಿನಲ್ಲಿರುವವನನ್ನು ಕೇಳಿ, ಲಾರಿ ನಿನ್ನ ದಾಟಿ ಹೋಯ್ತಾ ಅಂತ. ಹೋಗಿದ್ದರೆ ಮೇಲಿನ ಅರ್ಧ, ಇಲ್ಲದಿದ್ದರೆ ಕೆಳಗಿನ ಅರ್ಧ. ಐದು ಪ್ರಶ್ನೆಯಲ್ಲಿ ತಿರುವು ಸಿಗುತ್ತೆ. ಸಾವಿರ ಬದಲಾವಣೆಯಾದರೆ ಹತ್ತು. ಗಿಟ್‌ನಲ್ಲಿ ಇದಕ್ಕೆ ಬೈಸೆಕ್ಟ್ ಅಂತಾರೆ. ಅದು ನಮಗೆ ಬರದಿದ್ದರೂ ಪರವಾಗಿಲ್ಲ, ಬಿಡುಗಡೆಯಾದ ಆವೃತ್ತಿಗಳಲ್ಲೇ ಅರ್ಧರ್ಧ ಮಾಡಿ ‘ಇದರಲ್ಲಿ ಸರಿ, ಮುಂದಿನದರಲ್ಲಿ ಕೆಟ್ಟಿದೆ’ ಅನ್ನುವಷ್ಟಕ್ಕೆ ತಂದುಕೊಟ್ಟರೆ ಉಳಿದದ್ದನ್ನು ಅವರು ನೋಡಿಕೊಳ್ತಾರೆ.

ದೂರಿಗೆ ಬೆಲೆಯಿಲ್ಲ ಅನ್ನುವವರಿಗೆ ಒಂದು ಮಾತು. 2019ರಲ್ಲಿ 2.80 ಬಂದಾಗ ಒಂದು ಅನ್‌ಡು ಒತ್ತಿದರೆ ದೊಡ್ಡ ದೃಶ್ಯಗಳಲ್ಲಿ ಎದ್ದು ಕಾಫಿ ಕುಡಿದು ಬರಬಹುದಿತ್ತು. ಬಳಸುವವರು ಬಿಡದೆ ಹೇಳಿದರು. 2.83ರಲ್ಲಿ ಪ್ರಯೋಗವಾಗಿ, 2.90ರಲ್ಲಿ ಎಲ್ಲರಿಗೂ ಅದು ವೇಗವಾಯಿತು. 2025ರಲ್ಲಿ ಆಸ್ಕರ್ ಗೆದ್ದ ಲಾತ್ವಿಯಾದ ‘ಫ್ಲೋ’ ಚಿತ್ರ ಇದೇ ಬ್ಲೆಂಡರ್‌ನಲ್ಲಿ ಆದದ್ದು.

ಕಡತ ಕಳಿಸುವ ಮುಂಚೆ ಎರಡು ಎಚ್ಚರಿಕೆ. ಅದರೊಳಗಿನ ಫೋಲ್ಡರ್ ದಾರಿಯಲ್ಲಿ ನಿಮ್ಮ ಹೆಸರು ಇರಬಹುದು. ಮಕ್ಕಳ ದನಿ, ಮುಖ, ಬೇರೆಯವರ ಕೆಲಸ ಇದ್ದರೆ ಮೊದಲು ತೆಗೆಯಿರಿ, ವರದಿ ಹೋಗುವುದು ಲೋಕಕ್ಕೆಲ್ಲ. ಕಳಿಸಿದ ಮೇಲೆ ದಿನಾ ಒಂದು ಸಲ ನೋಡಿ. ಬ್ಲೆಂಡರ್‌ನವರು ಕೇಳಿದ ಪ್ರಶ್ನೆಗೆ ಒಂದು ವಾರ ಉತ್ತರ ಬರದಿದ್ದರೆ ಮುಚ್ಚುತ್ತಾರೆ. ನೆಟ್ ಇಲ್ಲದ ಊರಿನವರಿಗೆ ಇದು ಕಷ್ಟವೇ, ನನ್ನ ಕಥೆ ಹೇಳಿದೆನಲ್ಲ.

ಚಾಟ್‌ನಲ್ಲಿ ಕಾಸರಗೋಡಿನಿಂದ ಒಬ್ಬರು ಟೀಚರ್ ಕೇಳಿದ್ದಾರೆ: ‘ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಲಿಟಲ್ ಕೈಟ್ಸ್‌ನಲ್ಲಿ ಅನಿಮೇಶನ್ ಕಲಿಯುತ್ತಾರೆ. ಅವರು ವರದಿ ಬರೆಯಲು ಇಂಗ್ಲಿಷ್ ಬೇಕಲ್ಲ?’ ಒಳ್ಳೆಯ ಪ್ರಶ್ನೆ ಟೀಚರ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೇರಳದ ಕೈಟ್ ಸಂಸ್ಥೆ 2018ರಲ್ಲಿ ಹೈಸ್ಕೂಲುಗಳಲ್ಲಿ ಶುರು ಮಾಡಿದ ಕೂಟ ಅದು, ಪೂರ್ತಿ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತೆ. ನಮ್ಮ ತಾಳವಾಡಿ ಮಕ್ಕಳಿಗೆ ಅಂಥದ್ದು ಸಿಕ್ಕಿಲ್ಲ, ಹೊಟ್ಟೆಕಿಚ್ಚಿಲ್ಲದೆ ಹೇಳ್ತಿದ್ದೀನಿ, ಅಥವಾ ಸ್ವಲ್ಪ ಇದೆ. ಒಂದೇ ಥರದ ಯಂತ್ರ, ಒಂದೇ ಆವೃತ್ತಿ, ಸಾಲಾಗಿ ಹತ್ತು ಮಕ್ಕಳು. ಅಳೆಯೋಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಬೇಕಾ? ಇಂಗ್ಲಿಷ್ ಇರಬೇಕು, ನಿಜ. ಆದರೆ ಎಷ್ಟು? ಮಕ್ಕಳು ಕನ್ನಡದಲ್ಲೇ ಪುಸ್ತಕದಲ್ಲಿ ಬರೆಯಲಿ: ಏನು ತೆರೆದೆ, ಏನು ಒತ್ತಿದೆ, ಎಷ್ಟು ಸೆಕೆಂಡು, ಏನು ತೆಗೆದ ಮೇಲೆ ಎಷ್ಟು. ಇದನ್ನು ಇಂಗ್ಲಿಷಿಗೆ ತರೋಕೆ ಎಂಟು ಸಾಲು ಸಾಕು, ನೀವು ಹತ್ತು ನಿಮಿಷದಲ್ಲಿ ಮಾಡ್ತೀರಿ. ಕನ್ನಡದಲ್ಲಿ ಚೆನ್ನಾಗಿ ಅಳೆದ ಹುಡುಗಿಯ ವರದಿ ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬೈದ ನನ್ನ ವರದಿಗಿಂತ ಮೇಲು.

ಇನ್ನೊಬ್ಬರು ಕೇಳ್ತಿದ್ದಾರೆ, ಆ ಮೊದಲ ವರದಿ ಏನಾಯ್ತು ಅಂತ. ಮತ್ತೆ ಬರೆದೆ. ಖಾಲಿ ಕ್ಯಾನ್ವಾಸ್, ಒಂದೇ ಪದರ, ಮೂರು ನಿಮಿಷದ ಧ್ವನಿಪಟ್ಟಿ. ಒಂದರಿಂದ ನೂರನೇ ಫ್ರೇಮಿನವರೆಗೆ ಬಾಣದ ಕೀಲಿ ಒತ್ತಿ ಹಿಡಿದರೆ 9 ಸೆಕೆಂಡು. ಧ್ವನಿ ತೆಗೆದರೆ 2. ಧ್ವನಿಯನ್ನು ಹತ್ತು ಸೆಕೆಂಡಿಗೆ ಕತ್ತರಿಸಿ ಹಾಕಿದರೂ 2. ಅಂದರೆ ಧ್ವನಿ ಇರುವುದಲ್ಲ, ಅದರ ಉದ್ದ ಲೆಕ್ಕಕ್ಕೆ ಬರುತ್ತಿದೆ. ಮಕ್ಕಳ ದನಿ ಕಳಿಸುವ ಹಾಗಿರಲಿಲ್ಲ, ಮೂರು ನಿಮಿಷದ ವೇವ್ ಕಡತ ಮೂವತ್ತು ಮೆಗಾಬೈಟು, ಇಲ್ಲಿಂದ ಅದು ಏರುವುದೂ ಇಲ್ಲ. ಮೂರು ನಿಮಿಷದ ಬರೀ ಮೌನವನ್ನು ಮಾಡಿ ಹಾಕಿ ನೋಡಿದೆ, ಅದಕ್ಕೂ 9 ಸೆಕೆಂಡೇ ಬಂತು. ಮೌನವನ್ನು ಜಿಪ್ ಮಾಡಿದರೆ ಕೆಲವೇ ಕಿಲೋಬೈಟು. ಅದನ್ನು ಕಳಿಸಿದೆ. ನಾಲ್ಕನೇ ದಿನ ಅವರ ಯಂತ್ರದಲ್ಲೂ ಕಂಡಿತು ಅಂತ ಬರೆದರು, ಅವರಲ್ಲಿ ಒಂದೂವರೆ ಸೆಕೆಂಡಿಗೆ ಅರ್ಧಕ್ಕಿಂತ ಕಡಿಮೆ. ವರದಿಗೆ ‘ಖಚಿತ’ ಅನ್ನುವ ಗುರುತು ಬಿತ್ತು. ಇನ್ನೂ ಸರಿಯಾಗಿಲ್ಲ. ಅಲ್ಲಿಯವರೆಗೆ ನಾವು ಧ್ವನಿಯನ್ನು ಹತ್ತು ಹತ್ತು ಸೆಕೆಂಡಿನ ತುಂಡು ಮಾಡಿಕೊಂಡು ಬಾಯಿ ಕೂಡಿಸ್ತಿದ್ದೀವಿ, ಆನೆ ಇನ್ನೂ ಲಾರಿ ಹತ್ತಿರ ಬಂದಿಲ್ಲ.